ಕಟ್ಟಿದ್ರೆ ಬೀಳಲ್ಲ ಅನ್ನೋ ತಪ್ಪು ಲೆಕ್ಕ

ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸೋಕೆ ಹೋದಾಗ ಹತ್ತಾರು ಪುಟದ ಒಂದು ಫಾರಂ ಕೈಗೆ ಕೊಡ್ತಾರೆ. ಅಡ್ವಾನ್ಸ್ ಎಷ್ಟು, ತಿಂಗಳಿಗೆ ಎಷ್ಟು, ಡೈಪರ್ ಖರ್ಚು ಯಾರದ್ದು, ರಾತ್ರಿ ಹೆಚ್ಚುಕಮ್ಮಿ ಆದ್ರೆ ಯಾವ ಆಸ್ಪತ್ರೆಗೆ ಅನ್ನೋದನ್ನ ಎಲ್ಲರೂ ಕಣ್ಣಿಟ್ಟು ಓದ್ತಾರೆ. ಕೆಲವು ಫಾರಂಗಳಲ್ಲಿ ಕೊನೆಯ ಪುಟಗಳ ಕಡೆ ಇನ್ನೊಂದು ಸಾಲು ಇರುತ್ತೆ. ಸುರಕ್ಷತೆಯ ದೃಷ್ಟಿಯಿಂದ ಅಗತ್ಯ ಬಿದ್ದರೆ 'ರಿಸ್ಟ್ರೈಂಟ್' ಬಳಸಲು ನಮ್ಮ ಒಪ್ಪಿಗೆ ಇದೆ ಅಂತ. ಸುರಕ್ಷತೆ ಅನ್ನೋ ಪದ ಕಂಡ ತಕ್ಷಣ ನಾವು ಸೈನ್ ಹಾಕಿ ಪುಟ ತಿರುಗಿಸ್ತೀವಿ.

ರಿಸ್ಟ್ರೈಂಟ್ ಅಂದ್ರೆ ಏನು? ಸುತ್ತಿ ಬಳಸಿ ಹೇಳೋದು ಬೇಡ. ಕಟ್ಟಿಹಾಕೋದು.

ಸರಪಳಿ, ಬೀಗ ಅಂತ ಕಲ್ಪನೆ ಮಾಡ್ಕೋಬೇಡಿ. ಅದು ನೋಡೋಕೆ ಬಹಳ ಸಾಧಾರಣವಾಗಿರುತ್ತೆ. ಗಾಜ್ ಬಟ್ಟೆಯಲ್ಲಿ ಮಣಿಕಟ್ಟನ್ನ ಮಂಚದ ಕಂಬಿಗೆ ಬಿಗಿಯೋದು. ಹಳೇ ವೇಲ್‌ನಲ್ಲಿ ಸೊಂಟ ಸುತ್ತಿ ವೀಲ್‌ಚೇರಿನ ಹಿಂದೆ ಗಂಟು ಹಾಕೋದು. ಬೆರಳು ಆಡದ ಹಾಗೆ ಕೈಗೆ ಚೀಲದಂಥ ಗ್ಲೌಸ್ ತೊಡಿಸೋದು. ಜಪಾನ್ ಸರ್ಕಾರ 2001ರಲ್ಲಿ ಇದರ ಬಗ್ಗೆ ಒಂದು ಕೈಪಿಡಿ ತಂದಾಗ ಹನ್ನೊಂದು ಬಗೆಯ ಕಟ್ಟುಗಳನ್ನ ಪಟ್ಟಿ ಮಾಡ್ತು. ಇಳಿಯೋಕಾಗದ ಹಾಗೆ ಮಂಚದ ಸುತ್ತ ಕಂಬಿ ಏರಿಸೋದು ಆ ಪಟ್ಟಿಯಲ್ಲಿದೆ. ರೂಮಿಗೆ ಚಿಲಕ ಹಾಕೋದು ಇದೆ. ಮಂಪರು ಬರೋ ಹಾಗೆ ಹೆಚ್ಚು ಮಾತ್ರೆ ಕೊಡೋದೂ ಇದೆ. ಗಂಟು ಕಾಣಬೇಕು ಅಂತೇನಿಲ್ಲ ನೋಡಿ.

ಈ ವಿಷಯ ಈಗ ಯಾಕೆ ಅಂದ್ರೆ, ಇದು ನಮ್ಮ ಬೀದಿಗೇ ಬಂದಿದೆ. ನಾನಿರೋದು ಉತ್ತರಹಳ್ಳಿಯಲ್ಲಿ. ಇಲ್ಲಿಂದ ಚಿಕ್ಕಲ್ಲಸಂದ್ರ, ಪದ್ಮನಾಭನಗರದ ಕಡೆ, ಇತ್ತ ಸುಬ್ರಹ್ಮಣ್ಯಪುರ, ವಸಂತಪುರದ ಕಡೆ ಒಂದು ಸುತ್ತು ಹಾಕಿ ಬನ್ನಿ. ಥರ್ಟಿ ಫಾರ್ಟಿ, ಫಾರ್ಟಿ ಸಿಕ್ಸ್ಟಿ ಸೈಟಿನ ಮನೆಗಳ ಮೇಲೆ 'ಎಲ್ಡರ್ ಕೇರ್', 'ಸೀನಿಯರ್ ಹೋಂ', 'ಅಸಿಸ್ಟೆಡ್ ಲಿವಿಂಗ್' ಅನ್ನೋ ಬೋರ್ಡುಗಳು ಕಾಣ್ತವೆ. ನಮ್ಮಲ್ಲಿ ನರ್ಸಿಂಗ್ ಹೋಂ ಅಂದ್ರೆ ಹೆರಿಗೆ, ಹರ್ನಿಯಾ ಆಪರೇಷನ್ ಮಾಡೋ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದವರು ನರ್ಸಿಂಗ್ ಹೋಂ ಅನ್ನೋದು ಈ ಬೋರ್ಡಿನ ಮನೆಗಳಿಗೆ. ಅಂದ್ರೆ ಸ್ವತಂತ್ರವಾಗಿ ಇರೋಕಾಗದ ಹಿರಿಯರು ತಿಂಗಳು, ವರ್ಷಗಟ್ಟಲೆ ಉಳಿಯೋ ಜಾಗ. ಮಕ್ಕಳು ಆಫೀಸಿನಲ್ಲೋ ಅಮೆರಿಕದಲ್ಲೋ ಇದ್ದಾರೆ, ಅಮ್ಮನಿಗೆ ಮರೆವು. ಇಂಥ ಜಾಗಗಳು ಬೇಕೇ ಬೇಕು, ಅದರಲ್ಲಿ ತಪ್ಪೇನಿಲ್ಲ. ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದ್ರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಈಗ ಕಟ್ಟೋರ ಕಡೆಯಿಂದ ನೋಡೋಣ. ರಾತ್ರಿ ಪಾಳಿಯಲ್ಲಿ ಒಬ್ಬ ಅಟೆಂಡರ್, ಏಳೆಂಟು ಹಿರಿಯರು. ಒಬ್ಬರಿಗೆ ಡೈಪರ್ ಬದಲಿಸ್ತಾ ಇರೋವಾಗ ಪಕ್ಕದ ರೂಮಿನಲ್ಲಿ ಇನ್ನೊಬ್ಬರು ಎದ್ದು ನಡೆಯೋಕೆ ಶುರು ಮಾಡ್ತಾರೆ. ಬಿದ್ದು ಸೊಂಟದ ಮೂಳೆ ಮುರಿದ್ರೆ ಬೆಳಗ್ಗೆ ಮಗ ಬಂದು ಕೂಗಾಡ್ತಾನೆ, ಮಾಲೀಕರು ಸಂಬಳ ಹಿಡೀತಾರೆ, ಕೆಲಸವೂ ಹೋಗಬಹುದು. ಕಟ್ಟಿದ್ರೆ? ಯಾರೂ ಕೇಳಲ್ಲ. ಈ ಲೆಕ್ಕದಲ್ಲಿ ಕಟ್ಟೋದೇ ಸಲೀಸು. ಕ್ರೌರ್ಯಕ್ಕೆ ಕಟ್ಟೋರು ಕಡಿಮೆ. ಹೆಚ್ಚಿನವರು ಕಟ್ಟೋದು ಭಯಕ್ಕೆ. ಆ ಭಯ ಅರ್ಧ ಹುಟ್ಟೋದು ನಮ್ಮಿಂದಲೇ. ಸೇರಿಸೋ ದಿನ ನಾವು ಹೇಳಿ ಬರೋ ಮಾತು ನೆನಪು ಮಾಡ್ಕೊಳ್ಳಿ: 'ನೋಡಿ, ಅಮ್ಮ ಮಾತ್ರ ಬೀಳಬಾರದು.'

ಹಾಗಾದ್ರೆ ಕಟ್ಟಿದ್ರೆ ಬೀಳಲ್ವಾ? ಪ್ರಶ್ನೆ ಇರೋದು ಇಲ್ಲಿ.

ನಾನು ಓದಿದ್ದು ಇಂಜಿನಿಯರಿಂಗ್. ಮನೆಯಲ್ಲಿ ಪದೇಪದೇ ಫ್ಯೂಸ್ ಹೋಗ್ತಿದೆ ಅಂದ್ಕೊಳ್ಳಿ. ಕೆಲವರು ಏನು ಮಾಡ್ತಾರೆ? ಸಿಟ್ಟು ಬಂದು ದಪ್ಪ ತಂತಿ ಸುತ್ತಿ ಫ್ಯೂಸ್ ಕಟ್ಟಿಬಿಡ್ತಾರೆ. ಫ್ಯೂಸ್ ಹೋಗೋದು ನಿಂತುಹೋಗುತ್ತೆ. ಆದ್ರೆ ಎಲ್ಲೋ ಶಾರ್ಟ್ ಆಗ್ತಿದೆ ಅನ್ನೋ ದೋಷ ಗೋಡೆಯೊಳಗೆ ಹಾಗೇ ಉಳಿದು, ವೈರು ಕಾಯ್ತಾ ಹೋಗುತ್ತೆ. ಫ್ಯೂಸ್ ಹೋಗೋದು ಕಾಯಿಲೆ ಅಲ್ಲ, ಸೂಚನೆ. ಅಜ್ಜಿ ರಾತ್ರಿ ಏಳೋದೂ ಹಾಗೇ. ಕಟ್ಟಿದಾಗ ನಿಲ್ಲೋದು ಸೂಚನೆ ಮಾತ್ರ.

ದೋಷ ಒಳಗೊಳಗೇ ಬೆಳೆಯೋದು ಹೇಗೆ ಅಂತಲೂ ಹೇಳ್ತೀನಿ. 2007ರಲ್ಲಿ ಒಂದು ಅಮೆರಿಕನ್ ಅಧ್ಯಯನ ಪ್ರಕಟವಾಯ್ತು. ಆರೋಗ್ಯವಾಗಿದ್ದ ಹಿರಿಯರನ್ನ ಬರೀ ಹತ್ತು ದಿನ ಹಾಸಿಗೆಯಲ್ಲೇ ಇಟ್ಟು ನೋಡಿದ್ರು. ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕೆಜಿ ಮಾಂಸಖಂಡ ಕರಗಿತ್ತು. ಇವರು ಕಾಯಿಲೆ ಇಲ್ಲದವರು, ಕಟ್ಟಿಹಾಕದವರು. ಹಾಗಿದ್ದ ಮೇಲೆ ತಿಂಗಳುಗಟ್ಟಲೆ ಕಟ್ಟಿದವರ ಕಾಲು ಏನಾಗಬೇಡ? ಬೀಳ್ತಾರೆ ಅಂತ ಕಟ್ಟಿದ್ರೆ, ಕಟ್ಟಿದ್ದಕ್ಕೇ ಕಾಲು ಸೋತು, ಬಿಚ್ಚಿದ ದಿನ ಬೀಳ್ತಾರೆ. ಆಗ 'ನೋಡಿ, ಕಟ್ಟಿದ್ದೇ ಸರಿ' ಅಂತ ಮತ್ತೆ ಕಟ್ತಾರೆ. ಇದರ ಜೊತೆಗೆ ಒತ್ತಿದ ಜಾಗದಲ್ಲಿ ಬೆಡ್‌ಸೋರ್ ಅನ್ನೋ ಹುಣ್ಣು, ಮಲಬದ್ಧತೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ನ್ಯುಮೋನಿಯಾ. ಮರೆವಿನ ಕಾಯಿಲೆ ಇದ್ದವರಿಗಂತೂ ಯಾಕೆ ಕಟ್ಟಿದ್ದಾರೆ ಅನ್ನೋದೇ ಅರ್ಥ ಆಗಲ್ಲ. ಬಿಡಿಸಿಕೊಳ್ಳೋಕೆ ಒದ್ದಾಡ್ತಾರೆ, ಒದ್ದಾಡಿದಷ್ಟೂ ಗಂಟು ಬಿಗಿಯಾಗುತ್ತೆ.

ಮಂಚದ ಕಂಬಿಯ ಕಥೆಯೂ ಇದೇ. ಕಂಬಿ ಹತ್ತಿ ಇಳಿಯೋಕೆ ಹೋದವರು ಮಂಚದ ಎತ್ತರದಿಂದಲ್ಲ, ಕಂಬಿಯ ಎತ್ತರದಿಂದ ಬೀಳ್ತಾರೆ. ಕಂಬಿ ಮತ್ತು ಹಾಸಿಗೆ ನಡುವೆ ಸಿಕ್ಕಿಕೊಳ್ಳೋ ಅಪಾಯ ಬೇರೆ. 1985ರಿಂದ 2009ರ ಆರಂಭದವರೆಗೆ ಹೀಗೆ ಸಿಕ್ಕಿಕೊಂಡ 803 ಪ್ರಕರಣಗಳು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎಗೆ ವರದಿಯಾಗಿದ್ದವು. ಅವುಗಳಲ್ಲಿ 480 ಮಂದಿ ಸತ್ತಿದ್ದರು.

ಸರಿ, ಬಿಚ್ಚಿಬಿಡಿ ಅಂತ ಹೇಳೋದು ಸುಲಭ. ಬಿಚ್ಚಿದ ಮೇಲೆ ಏನು ಮಾಡೋದು? ಮೊದಲ ಕೆಲಸ, ಅವರು ಯಾಕೆ ಎದ್ದರು ಅಂತ ಕೇಳೋದು. ರಾತ್ರಿ ಎರಡು ಗಂಟೆಗೆ ಏಳೋ ಹಿರಿಯರಿಗೆ ಬಹಳ ಸಲ ಏನೋ ಒಂದು ಕಾರಣ ಇರುತ್ತೆ, ನಮಗೆ ಗೊತ್ತಿರಲ್ಲ ಅಷ್ಟೆ.

ಎಲ್ಲಕ್ಕಿಂತ ಸಾಮಾನ್ಯ ಕಾರಣ, ಒಂದಕ್ಕೆ ಹೋಗಬೇಕಾಗಿರುತ್ತೆ. ಡೈಪರ್ ಇದೆಯಲ್ಲ ಅಂತೀವಿ. ಆದ್ರೆ ಎಂಬತ್ತು ವರ್ಷ ಬಚ್ಚಲಿಗೆ ಹೋಗಿ ಬಂದ ದೇಹಕ್ಕೆ ಹಾಸಿಗೆಯಲ್ಲೇ ಮಾಡು ಅಂದ್ರೆ ಒಪ್ಪಲ್ಲ. ಇದರ ಮೇಲೆ ಬೆಂಗಳೂರಿನದ್ದೇ ಒಂದು ತೊಡಕಿದೆ. ಆರೈಕೆ ಕೆಲಸಕ್ಕೆ ಬರೋರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರೂ ಇದ್ದಾರೆ. ಶ್ರಮಜೀವಿಗಳು. ಆದ್ರೆ ಅಜ್ಜಿ 'ಒಂದಕ್ಕೆ ಬರ್ತಿದೆ ಕಣಮ್ಮ' ಅಂದ್ರೆ ಕನ್ನಡ ಕಲಿಯದ ಹುಡುಗಿಗೆ ಅದು ಗಲಾಟೆಯ ಹಾಗೆ ಕೇಳಿಸುತ್ತೆ. ಮೂರು ಸಲ ಹೇಳಿ ಯಾರೂ ಬರದಿದ್ದಾಗ ಅಜ್ಜಿ ತಾವೇ ಎದ್ದು ಹೊರಡ್ತಾರೆ. ಫೈಲಿನಲ್ಲಿ 'ಅಗ್ರೆಸಿವ್' ಅಂತ ಬರೀತಾರೆ. ಒಂದಕ್ಕೆ, ಎರಡಕ್ಕೆ, ನೀರು, ನೋವು, ಚಳಿ ಅನ್ನೋ ಐದು ಪದಗಳನ್ನ ಹೊಸ ಸಿಬ್ಬಂದಿಗೆ ಮೊದಲ ದಿನವೇ ಕಲಿಸಿದ್ರೆ ಎಷ್ಟೋ ಗಂಟುಗಳು ಬೇಕಾಗಲ್ಲ.

ಎರಡನೇ ಕಾರಣ ನೋವು. ಮಂಡಿ ನೋವು, ಹಲ್ಲು ನೋವು, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿರೋದು. ಡಿಮೆನ್ಶಿಯಾ ಇದ್ದವರಿಗೆ 'ನೋಯ್ತಿದೆ' ಅಂತ ಹೇಳೋಕೆ ಬರದೇ ಇರಬಹುದು, ಹಾಗಾಗಿ ಒದ್ದಾಡ್ತಾರೆ. ಮೂರನೇದು ದಿಢೀರ್ ಗೊಂದಲ. ನಿನ್ನೆವರೆಗೆ ಸರಿಯಾಗಿದ್ದವರು ಇವತ್ತು ಯಾರ್ಯಾರನ್ನೋ ಕೂಗ್ತಿದ್ದಾರೆ, ಇಲ್ಲದ್ದು ಕಾಣ್ತಿದೆ ಅಂದ್ರೆ ವೈದ್ಯರು ಅದನ್ನ ಡೆಲಿರಿಯಂ ಅಂತಾರೆ. ಮೂತ್ರದ ಸೋಂಕು, ನೀರಿನಂಶ ಅಥವಾ ಸೋಡಿಯಂ ಕಡಿಮೆ ಆಗಿರೋದು, ಹೊಸದಾಗಿ ಶುರು ಮಾಡಿದ ಮಾತ್ರೆ, ಹೀಗೆ ಚಿಕಿತ್ಸೆ ಮಾಡಬಹುದಾದ ಕಾರಣ ಇರುತ್ತೆ. ಅವರಿಗೆ ಬೇಕಾಗಿರೋದು ಡಾಕ್ಟರು. ಕಟ್ಟಿಹಾಕಿದ್ರೆ ಆ ಗೊಂದಲ ಇನ್ನೂ ಹೆಚ್ಚಾಗುತ್ತೆ.

ನಾಲ್ಕನೇದು ಅಭ್ಯಾಸ. ಮೂವತ್ತು ವರ್ಷ ಬೆಳಗಿನ ಮೊದಲ ಟ್ರಿಪ್ಪಿಗೆ ಡಿಪೋ ಸೇರಿದ ಬಸ್ ಕಂಡಕ್ಟರ್ ಒಬ್ಬರಿದ್ದಾರೆ ಅಂದ್ಕೊಳ್ಳಿ. ಮರೆವು ಬಂದ ಮೇಲೂ ಅವರ ದೇಹ ನಾಲ್ಕು ಗಂಟೆಗೆ ಏಳುತ್ತೆ. ಜೀವನ ಪೂರ್ತಿ ಕತ್ತಲಲ್ಲೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಹೆಂಗಸಿಗೂ ಅಷ್ಟೇ. ಅವರನ್ನ ಆರು ಗಂಟೆವರೆಗೆ ಮಲಗಿಸೋಕೆ ಕಟ್ಟೋದಕ್ಕಿಂತ, ನಾಲ್ಕೂವರೆಗೆ ಎಬ್ಬಿಸಿ, ಮುಖ ತೊಳೆಸಿ, ಒಂದು ಲೋಟ ಕಾಫಿ ಕೊಟ್ಟು ಕುರ್ಚಿಯಲ್ಲಿ ಕೂರಿಸೋದು ಸುಲಭ. ಆದ್ರೆ ಇವರು ಕಂಡಕ್ಟರ್ ಆಗಿದ್ದರು ಅಂತ ಆ ಕೇಂದ್ರಕ್ಕೆ ಗೊತ್ತಿರಬೇಕಲ್ಲ? ಅದನ್ನ ಬರೆದು ಕೊಡಬೇಕಾದವರು ನಾವು.

ಇನ್ನು ಉಳಿದಿದ್ದು ಸಣ್ಣಪುಟ್ಟ ವ್ಯವಸ್ಥೆ. ಮಂಚ ತಗ್ಗಾಗಿರಲಿ, ಪಕ್ಕದಲ್ಲಿ ನೆಲದ ಮೇಲೆ ಒಂದು ಹಾಸಿಗೆ ಇರಲಿ. ಬಚ್ಚಲಿನವರೆಗೆ ಸಣ್ಣ ದೀಪ, ಗೋಡೆಗೆ ಹಿಡಿ. ಜಾರದ ಚಪ್ಪಲಿ. ಮಲಗೋ ಮುಂಚೆ ಮತ್ತು ರಾತ್ರಿ ಒಂದೆರಡು ಸಲ ಕೇಳಿ ಬಚ್ಚಲಿಗೆ ಕರ್ಕೊಂಡು ಹೋಗೋದು. ಹಗಲು ನಡೆಸೋದು, ಬಿಸಿಲಿಗೆ ಕೂರಿಸೋದು. ಕನ್ನಡಕ, ಕಿವಿಯ ಮೆಷಿನ್ ಎತ್ತಿಟ್ಟಿದ್ರೆ ವಾಪಸ್ ಕೊಡೋದು. ಮೂಗಿನ ಟ್ಯೂಬ್, ಮೂತ್ರದ ಪೈಪ್ ಕೀಳ್ತಾರೆ ಅಂತ ಕೈ ಕಟ್ಟೋ ಮುಂಚೆ, ಆ ಪೈಪ್ ಇನ್ನೂ ಬೇಕಾ ಅಂತ ಡಾಕ್ಟರನ್ನ ಕೇಳೋದು. ಬೇಡದ ಪೈಪ್ ತೆಗೆದ್ರೆ ಕೀಳೋಕೆ ಏನೂ ಇರಲ್ಲ.

ಇದೆಲ್ಲ ಪುಸ್ತಕದ ಬದನೆಕಾಯಿ ಅಂತ ಅನ್ನಿಸಬಹುದು. ಮಾಡಿ ತೋರಿಸಿದವರಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ನರ್ಸಿಂಗ್ ಹೋಂಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಯನ್ನ ಕಟ್ತಾ ಇದ್ರು. 1986ರಲ್ಲಿ ಪೆನ್ಸಿಲ್ವೇನಿಯಾದ ಕೆಂಡಲ್ ಅನ್ನೋ ಸಂಸ್ಥೆ 'ಹಿರಿಯರನ್ನ ಬಿಚ್ಚಿ' ಅಂತಲೇ ಆಂದೋಲನ ಶುರು ಮಾಡ್ತು. 1987ರಲ್ಲಿ ಕಾನೂನು ಬಂತು. ಶಿಕ್ಷೆಗಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಲಿ ಕಟ್ಟುವಂತಿಲ್ಲ ಅಂತ. ಎರಡು ದಶಕದಲ್ಲಿ ಆ ಪ್ರಮಾಣ ನೂರಕ್ಕೆ ಐದರ ಆಸುಪಾಸಿಗೆ ಇಳಿಯಿತು, ಆಮೇಲೆ ಇನ್ನೂ ಕಡಿಮೆಯಾಯ್ತು. ಬಿಚ್ಚಿದ ಮೇಲೆ ಎಲ್ಲರೂ ಬಿದ್ದು ಮೂಳೆ ಮುರ್ಕೊಂಡ್ರಾ? 16 ನರ್ಸಿಂಗ್ ಹೋಂಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಟ್ಟೋ ಪ್ರಮಾಣ ಶೇಕಡಾ 41ರಿಂದ 4ಕ್ಕೆ ಇಳಿದಿತ್ತು. ಮಧ್ಯಮ ಮತ್ತು ಗಂಭೀರ ಪೆಟ್ಟುಗಳ ಪ್ರಮಾಣವೂ ಅದರ ಜೊತೆಗೇ ಇಳಿದಿತ್ತು.

ಜಪಾನಿನಲ್ಲಿ ಸರ್ಕಾರಕ್ಕಿಂತ ಮೊದಲು ಎದ್ದವರು ನರ್ಸ್‌ಗಳು. ಟೋಕಿಯೋ ಹತ್ತಿರದ ಒಂದು ವೃದ್ಧರ ಆಸ್ಪತ್ರೆಯಲ್ಲಿ 1980ರ ದಶಕದಲ್ಲೇ ಕಟ್ಟೋದನ್ನ ನಿಲ್ಲಿಸಿದ್ರು. 1998ರಲ್ಲಿ ಫುಕುವೋಕಾದ ಆಸ್ಪತ್ರೆಗಳು ಒಟ್ಟಾಗಿ ಕಟ್ಟಲ್ಲ ಅಂತ ಘೋಷಣೆ ಹೊರಡಿಸಿದವು. 2000ದಲ್ಲಿ ಹಿರಿಯರ ಆರೈಕೆ ವಿಮೆ ಜಾರಿಗೆ ಬಂದಾಗ ನಿಯಮವೇ ಬಂತು. ಮೂರು ಷರತ್ತು: ಅಪಾಯ ಈ ಕ್ಷಣದ್ದಾಗಿರಬೇಕು, ಬೇರೆ ದಾರಿ ಇರಬಾರದು, ತಾತ್ಕಾಲಿಕ ಆಗಿರಬೇಕು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ಕಟ್ಟಬಹುದು. ಅವರ ಸೂತ್ರ ಏನು ಗೊತ್ತಾ? ಎಬ್ಬಿಸಿ ಕೂರಿಸು, ಬಾಯಿಂದ ಊಟ ಮಾಡಿಸು, ಶೌಚಕ್ಕೆ ಕರ್ಕೊಂಡು ಹೋಗು, ಸ್ವಚ್ಛವಾಗಿಡು, ಏನಾದ್ರೂ ಚಟುವಟಿಕೆ ಕೊಡು. ರಾಕೆಟ್ ವಿಜ್ಞಾನ ಏನೂ ಇದರಲ್ಲಿಲ್ಲ.

ನಮ್ಮ ದೇಶದ ಕಥೆ ಬೇರೆ ದಾರಿಯಲ್ಲಿ ಬಂತು, ಬೆಂಕಿಯ ದಾರಿಯಲ್ಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನ ಇರಿಸಿಕೊಂಡಿದ್ದ ಒಂದು ಖಾಸಗಿ ಗುಡಿಸಲಿಗೆ ಬೆಂಕಿ ಬಿತ್ತು. 28 ಜನ ಸತ್ತರು. ಅವರನ್ನ ಸರಪಳಿಯಲ್ಲಿ ಕಟ್ಟಿದ್ದರು, ಓಡೋಕೆ ಆಗಲಿಲ್ಲ. ಕಟ್ಟೋ ವಿಷಯದಲ್ಲಿ ನಾವು ಯಾರೂ ಯೋಚಿಸದ ಸಂಗತಿ ಇದು. ಸುರಕ್ಷತೆಗೆ ಅಂತ ಕಟ್ಟಿದ ಗಂಟು, ಬೆಂಕಿ ಬಿದ್ದ ದಿನ ಯಾರನ್ನ ಕಾಪಾಡುತ್ತೆ?

ಆಮೇಲೆ ಬಂದಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಇದರ 95ನೇ ಸೆಕ್ಷನ್ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಅನ್ನುತ್ತೆ. 97ನೇ ಸೆಕ್ಷನ್ನನ್ನ ಪ್ರತಿ ಕುಟುಂಬವೂ ತಿಳ್ಕೋಬೇಕು. ಸನ್ನಿಹಿತವಾದ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಮನೋವೈದ್ಯರ ಅನುಮತಿ ಬೇಕು. ಎಷ್ಟು ಅಗತ್ಯವೋ ಅಷ್ಟೇ ಹೊತ್ತು. ಯಾಕೆ, ಹೇಗೆ, ಎಷ್ಟು ಹೊತ್ತು ಕಟ್ಟಿದ್ದು ಅಂತ ಕೂಡಲೇ ದಾಖಲಿಸಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆ ಕಟ್ಟುವಂತಿಲ್ಲ. ಇನ್ನೊಂದು ಮಾತನ್ನ ಕಾನೂನು ಬಾಯಿಬಿಟ್ಟೇ ಹೇಳಿದೆ: ಸಿಬ್ಬಂದಿ ಕೊರತೆ ಇದೆ ಅನ್ನೋ ಕಾರಣಕ್ಕೆ ಕಟ್ಟುವಂತಿಲ್ಲ.

ಆದ್ರೆ ಇಲ್ಲೊಂದು ಬಿರುಕಿದೆ. ಈ ಕಾನೂನು ಅನ್ವಯಿಸೋದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ. ನಮ್ಮ ಬೀದಿಯ ಎಲ್ಡರ್ ಕೇರ್ ಮನೆ 'ನಮ್ಮದು ಆಸ್ಪತ್ರೆ ಅಲ್ಲ, ಹಿರಿಯರ ವಸತಿ' ಅನ್ನಬಹುದು. ಕಾಯ್ದೆಯ ವ್ಯಾಖ್ಯಾನದಲ್ಲಿ ನೆನಪು ಮತ್ತು ಪರಿಜ್ಞಾನ ತೀವ್ರವಾಗಿ ಕೆಡೋದೂ ಸೇರಿದೆ, ಹಾಗಾಗಿ ಡಿಮೆನ್ಶಿಯಾ ಇದ್ದವರಿಗೆ ಈ ರಕ್ಷಣೆ ಇದೆ ಅಂತ ವಾದಿಸೋಕೆ ಜಾಗ ಇದೆ. ಆದ್ರೆ ವಾದ ಮಾಡೋರು ಯಾರು? ಹಿರಿಯ ನಾಗರಿಕರ ಪಾಲನೆಗೆ ಅಂತ 2007ರಲ್ಲಿ ಬಂದ ಕಾಯ್ದೆ ಜೀವನಾಂಶದ ಬಗ್ಗೆ ಮಾತಾಡುತ್ತೆ, ಜಿಲ್ಲೆಗೊಂದು ವೃದ್ಧಾಶ್ರಮದ ಬಗ್ಗೆ ಮಾತಾಡುತ್ತೆ. ಮಣಿಕಟ್ಟಿನ ಗಂಟಿನ ಬಗ್ಗೆ 97ನೇ ಸೆಕ್ಷನ್ನಿನಷ್ಟು ಸ್ಪಷ್ಟವಾದ ಒಂದು ಸಾಲು, ಹಿರಿಯರು ಇರೋ ಪ್ರತಿ ಕೇಂದ್ರಕ್ಕೂ ಅನ್ವಯಿಸೋ ಹಾಗೆ ಬೇಕು. ಸರ್ಕಾರದ ಮುಂದೆ ನಾನು ಇಡೋ ಬೇಡಿಕೆ ಇದೊಂದೇ.

ಒಂದು ಎಚ್ಚರಿಕೆ. ಹಗ್ಗ ಬಿಚ್ಚಿಸಿ ಮಾತ್ರೆ ಹಿಡಿಸಿದ್ರೆ ಏನೂ ಬದಲಾದ ಹಾಗಲ್ಲ. ಡಿಮೆನ್ಶಿಯಾ ಇರೋ ಹಿರಿಯರಲ್ಲಿ ಕೆಲವು ಮನೋರೋಗದ ಔಷಧಿಗಳು ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. ಹಾಗಂತ ಡಾಕ್ಟರ್ ಕೊಟ್ಟಿರೋದನ್ನ ನೀವೇ ನಿಲ್ಲಿಸಬೇಡಿ. ಯಾವುದಕ್ಕೆ, ಎಷ್ಟು ದಿನಕ್ಕೆ ಅಂತ ಕೇಳಿ. ಹಾಗೇ, ಐಸಿಯುನಲ್ಲಿ ಉಸಿರಾಟದ ಟ್ಯೂಬ್ ಇರೋವಾಗ ಸ್ವಲ್ಪ ಹೊತ್ತು ಕೈ ಹಿಡಿದಿಡಬೇಕಾದ ಸಂದರ್ಭಗಳೂ ಇರ್ತವೆ. ಅಲ್ಲಿಯೂ ಯಾಕೆ, ಎಷ್ಟು ಹೊತ್ತು ಅನ್ನೋ ಎರಡು ಪ್ರಶ್ನೆ ಕೇಳೋ ಹಕ್ಕು ನಿಮಗಿದೆ.

ಕೇಂದ್ರ ಹುಡುಕೋಕೆ ಹೊರಟವರು ಕೇಳಬೇಕಾದ್ದು ಇಷ್ಟು. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ? ಕನ್ನಡ ಬರೋರು ಒಬ್ಬರಾದ್ರೂ ಇದ್ದಾರಾ? ಕೊನೆಯ ಸಲ ಯಾರನ್ನಾದ್ರೂ ಕಟ್ಟಿದ್ದು ಯಾವಾಗ, ಅದನ್ನ ಎಲ್ಲಿ ಬರೆದಿಟ್ಟಿದ್ದೀರಿ? ನನಗೆ ಫೋನ್ ಮಾಡದೆ ಕಟ್ತೀರಾ? ಹೇಳದೇ ಬರಬಹುದಾ? ಈ ಕೊನೆಯ ಪ್ರಶ್ನೆಗೆ ತಡವರಿಸಿದ್ರೆ ಇನ್ನೊಂದು ಜಾಗ ನೋಡಿ. ಫಾರಂನಲ್ಲಿ ಆ ಸಾಲು ಇದ್ರೆ ಅದನ್ನ ಹೊಡೆದುಹಾಕಿ, 'ನನಗೆ ತಿಳಿಸಿ, ವೈದ್ಯರ ಬರಹದ ಆದೇಶದ ಮೇಲೆ ಮಾತ್ರ' ಅಂತ ಬರೆದು ಸೈನ್ ಹಾಕಿ.

ನಾವು ಕೊಡಬೇಕಾದ್ದೂ ಒಂದಿದೆ. 'ಬೀಳಬಾರದು' ಅನ್ನೋ ಷರತ್ತನ್ನ ವಾಪಸ್ ತಗೋಬೇಕು. ನಡೆಯೋರು ಒಂದೊಂದು ಸಲ ಬೀಳ್ತಾರೆ. ಮಗು ನಡೆಯೋಕೆ ಕಲಿಯೋವಾಗ ಬಿದ್ರೆ ಅಂತ ನಾವು ತೊಟ್ಟಿಲಿಗೆ ಕಟ್ಟಲಿಲ್ಲ. 'ಅಮ್ಮನನ್ನ ನಡೆಸಿ. ಎಚ್ಚರ ವಹಿಸಿದ ಮೇಲೂ ಬಿದ್ರೆ ನಾನು ನಿಮ್ಮ ಮೇಲೆ ಎಗರಾಡಲ್ಲ' ಅಂತ ಅಟೆಂಡರ್ ಎದುರಿಗೇ ಹೇಳಿ ಬನ್ನಿ. ಆ ಹುಡುಗಿ ರಾತ್ರಿ ವೇಲ್ ಕಡೆ ಕೈ ಹಾಕೋ ಮುಂಚೆ ಇದೊಂದು ಮಾತು ನೆನಪಾಗುತ್ತೆ.

ತೊಂದರೆ ಕಂಡ್ರೆ ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090 ಇದೆ, ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಶುರು ಮಾಡಿದ್ದು. ದೇಶಕ್ಕೆಲ್ಲ ಎಲ್ಡರ್‌ಲೈನ್ 14567. ಮರೆವು, ಗೊಂದಲದ ಬಗ್ಗೆ ಸಲಹೆ ಬೇಕಿದ್ರೆ ಟೆಲಿ ಮಾನಸ್ 14416, ನಮ್ಮ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ ನಡೆಯೋದು.

ಮುಂದಿನ ಭಾನುವಾರ ನೋಡೋಕೆ ಹೋಗ್ತೀರಲ್ಲ, ಹಣ್ಣು ಕೊಟ್ಟು ಸೆಲ್ಫಿ ತೆಗೆದು ಬರಬೇಡಿ. ಅಮ್ಮನ ಕೈ ಹಿಡ್ಕೊಳ್ಳಿ. ಮಾತಾಡ್ತಾ ಮಾತಾಡ್ತಾ ಬಳೆ ಸ್ವಲ್ಪ ಮೇಲೆ ಸರಿಸಿ ಮಣಿಕಟ್ಟು ನೋಡಿ. ಕೆಂಪು ಗೆರೆ ಇದ್ರೆ ಅಲ್ಲೇ ಕೂತು ಕಾರಣ ಕೇಳಿ. ಇಲ್ಲದಿದ್ರೆ, ಅಟೆಂಡರ್‌ಗೆ ಒಂದು ಥ್ಯಾಂಕ್ಸ್ ಹೇಳಿ, ಅಮ್ಮನನ್ನ ಎಬ್ಬಿಸಿಕೊಂಡು ಗೇಟಿನವರೆಗೆ ನಾಲ್ಕು ಹೆಜ್ಜೆ ನಡೆಸಿ.